ಗವಾನ್ ಮದರಸಾದ ಟೈಲು: ಏಕೆ ಉದುರುತ್ತದೆ, ಉಳಿದದ್ದನ್ನು ಹಿಡಿದಿಡುವುದು ಹೇಗೆ

ಬೀದರ್ ಪೇಟೆಯ ನಡುವಿನ ಚೌಬಾರಾದಿಂದ ಕೋಟೆಗೆ ಹೋಗುವ ದಾರಿಯಲ್ಲಿ ಮಹಮೂದ್ ಗವಾನನ ಮದರಸಾ ಪೂರ್ವಕ್ಕೆ ಮುಖ ಮಾಡಿ ನಿಂತಿದೆ. ಕಟ್ಟಿದ್ದು 1472ರ ಸುಮಾರಿಗೆ. 205 ಅಡಿ ಉದ್ದ, 180 ಅಡಿ ಅಗಲ, ಮೂರು ಅಂತಸ್ತು, ನಡುವೆ ಅಂಗಳ, ಅಂಗಳದ ನಾಲ್ಕೂ ಬದಿಗೆ ಒಂದೊಂದು ಎತ್ತರದ ಕಮಾನು. ಮುಂಭಾಗದ ನಡುವೆ ಹೆಬ್ಬಾಗಿಲು, ಎರಡು ಮೂಲೆಗೆ ಸುಮಾರು 130 ಅಡಿ ಎತ್ತರದ ಎರಡು ಮಿನಾರು. ಇವತ್ತು ಆ ಹೆಬ್ಬಾಗಿಲಿಲ್ಲ, ದಕ್ಷಿಣದ ಮಿನಾರೂ ಇಲ್ಲ. ಈಶಾನ್ಯದ ಮಿನಾರು ಮತ್ತು ಅದಕ್ಕೆ ಅಂಟಿಕೊಂಡ ಗೋಡೆಯ ಮೇಲೆ ಒಂದು ಕಾಲಕ್ಕೆ ಇಡೀ ಮುಂಭಾಗವನ್ನು ಹೊದ್ದಿದ್ದ ಬಣ್ಣದ ಟೈಲುಗಳಲ್ಲಿ ಒಂದಿಷ್ಟು ಉಳಿದಿವೆ. ಗೋಡೆಯ ನೆತ್ತಿಯಲ್ಲಿ ಅಕ್ಷರಗಳ ಪಟ್ಟಿ, ಮಿನಾರಿನ ಮೈಮೇಲೆ ಅಂಕುಡೊಂಕಾದ ಪಟ್ಟೆ, ಉಳಿದಂತೆ ಬರೀ ಕಲ್ಲು ಗಾರೆ.

ಈ ಅಧ್ಯಯನ ಆ ಟೈಲುಗಳದ್ದು ಮಾತ್ರ. ಕಟ್ಟಡ ನೋಡಲು ಬಂದವರಿಗೆ ಸಾಮಾನ್ಯವಾಗಿ ಸಿಗುವ ವಿವರಣೆ ಒಂದೇ: ಬೀದರ್ ಮೊಗಲರ ಕೈಗೆ ಹೋದ ಮೇಲೆ ಇಲ್ಲಿ ಕೋವಿಮದ್ದು ತುಂಬಿಸಿದರು, 1696ರಲ್ಲಿ ಅದು ಸ್ಫೋಟಗೊಂಡು ಎಲ್ಲ ಹಾಳಾಯಿತು. ಹೆಬ್ಬಾಗಿಲು, ದಕ್ಷಿಣದ ಮಿನಾರುಗಳ ಮಟ್ಟಿಗೆ ಇದು ನಿಜ. ಆದರೆ ಗೋಡೆ ಗಟ್ಟಿಯಾಗಿ ನಿಂತ ಕಡೆಯೂ ಟೈಲು ಹೋಗಿದೆ. ಅದಕ್ಕೆ ಕಾರಣ ನೀರು. ಸ್ಫೋಟವನ್ನು ಈಗ ಯಾರೂ ಸರಿಪಡಿಸಲಾರರು, ನೀರನ್ನು ಸರಿಪಡಿಸಬಹುದು. ಹಾಗಾಗಿ ಯಾವ ನಷ್ಟ ಯಾವುದರಿಂದ ಆದದ್ದು ಎಂದು ಬೇರ್ಪಡಿಸಿ ನೋಡುವುದೇ ಇಲ್ಲಿನ ಮೊದಲ ಕೆಲಸ.

ಒಣ ನಾಡಿನ ಹೊದಿಕೆ

ಗವಾನ್ ಇರಾನಿನ ಗಿಲಾನ್ ಪ್ರಾಂತದವನು. ವ್ಯಾಪಾರಿಯಾಗಿ ಬಂದು ಬಹಮನಿ ಸುಲ್ತಾನರ ಪ್ರಧಾನಿಯಾದವನು, 1481ರಲ್ಲಿ ಆಸ್ಥಾನದ ಒಳಸಂಚಿಗೆ ತಲೆ ಕೊಟ್ಟವನು. ಅವನ ಮದರಸಾದ ನಕ್ಷೆಗೆ ಹತ್ತಿರದ ನೆಂಟರು ಇರಾನಿನ ಈಶಾನ್ಯದ ಖುರಾಸಾನ್ ಕಡೆ ಸಿಗುತ್ತಾರೆ. 1440ರ ದಶಕದಲ್ಲಿ ಮುಗಿದ ಖರ್ಗಿರ್ದ್‌ನ ಘಿಯಾಸಿಯಾ ಮದರಸಾ ಜತೆ ಇದನ್ನು ಹೋಲಿಸುವುದು ವಾಡಿಕೆ. ನಾಲ್ಕು ಕಮಾನಿನ ಅಂಗಳ, ಎತ್ತರದ ಚೌಕಟ್ಟಿನ ಮುಂಬಾಗಿಲು, ಮೂಲೆಯ ಮಿನಾರು, ಗೋಡೆ ತುಂಬ ಟೈಲು, ಎಲ್ಲವೂ ಆ ನಾಡಿನ ಕ್ರಮವೇ.

ಆ ಕ್ರಮದಲ್ಲಿ ಒಂದು ಅಂಶ ನಮ್ಮ ಪ್ರಕರಣಕ್ಕೆ ಬಹಳ ಮುಖ್ಯ. ಗೋಡೆಗೆ ಸಜ್ಜಾ ಇಲ್ಲ. ಕಮಾನಿನ ಸಾಲು, ಅಕ್ಷರಪಟ್ಟಿ, ಅದರ ಮೇಲೆ ಆಕಾಶ, ಅಷ್ಟೇ. ಇರಾನಿನ ಒಣ ನಡುನಾಡಿನ ಇಸ್ಫಹಾನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 125 ಮಿಲಿಮೀಟರ್. ಅಲ್ಲಿ ಇದು ನಡೆಯುತ್ತದೆ. ಬೀದರಿನಲ್ಲಿ ಅದರ ಆರೇಳು ಪಟ್ಟು ಬೀಳುತ್ತದೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗವಾನನ ಹುಟ್ಟೂರಿನ ಗಿಲಾನ್ ಕೂಡ ಮಳೆನಾಡು. ಅಲ್ಲಿನ ಮನೆಗಳಿಗೆ ಇಳಿಜಾರು ಸೂರು, ಉದ್ದದ ಚಾಚು ಇರುತ್ತದೆ. ಬೀದರಿಗೆ ಬಂದ ವಾಸ್ತುಕ್ರಮ ಗಿಲಾನಿನ ಮಳೆಸೂರಿನದಲ್ಲ, ಒಣ ಪೀಠಭೂಮಿಯದು.

ಇದಕ್ಕೆ ಪುರಾವೆ ಬೀದರಿನಲ್ಲೇ ಇದೆ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಸೂರಿನಡಿಯ ಟೈಲುಗಳು ಇನ್ನೂ ಬಣ್ಣ ಕಳೆದುಕೊಂಡಿಲ್ಲ. ಬರೀದ್ ಶಾಹಿ ಸುಲ್ತಾನ ಅಲಿ ಬರೀದನ ಗೋರಿಯಲ್ಲೂ ಚೆನ್ನಾಗಿ ಉಳಿದಿರುವುದು ಗುಮ್ಮಟದ ಕೆಳಗಿನ ಒಳಗೋಡೆಯವು. 1503ರ ಶರ್ಜಾ ದರ್ವಾಜದ ಮೇಲ್ಭಾಗದಲ್ಲೂ ಟೈಲಿನ ಅಲಂಕಾರವಿತ್ತು. ಬಾಗಿಲಿನ ಕೆತ್ತಿದ ಹುಲಿಗಳು ಮಳೆಗಾಳಿಗೆ ಜಗ್ಗದೆ ಕೂತಿವೆ, ಟೈಲು ಮಾತ್ರ ಅಷ್ಟಿಷ್ಟು ಉಳಿದಿದೆ. ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿನಲ್ಲಿ ಅಲಾವುದ್ದೀನ್ ಅಹ್ಮದ್ ಶಾಹನ ಗೋರಿಯ ಮುಂಭಾಗದ ಟೈಲು ಬಯಲಿನಲ್ಲೇ ಇದ್ದರೂ ಅಲ್ಲಿ ಒಂದು ಅನುಕೂಲವಿದೆ: ಕೆತ್ತಿದ ಕರಿಕಲ್ಲಿನ ಅಂಚುಪಟ್ಟಿಗಳು ಟೈಲಿನ ಹಾಸನ್ನು ಚೌಕಟ್ಟಿನಂತೆ ಹಿಡಿದಿವೆ. ಟೈಲು ಸೋಲುವುದು ಅಂಚಿನಿಂದ. ಅಂಚಿಗೆ ಕಲ್ಲು ಕೊಟ್ಟ ಕಡೆ ಅದರ ಆಯುಸ್ಸು ಹೆಚ್ಚು.

ಒಂದು ಗೇಣು ಜಾಗದೊಳಗೆ

ಮದರಸಾದ ಗೋಡೆಯನ್ನು ಅಡ್ಡಕ್ಕೆ ಸೀಳಿ ನೋಡಿದರೆ ಒಳಗಿನಿಂದ ಹೊರಕ್ಕೆ ನಾಲ್ಕು ಪದರ: ಕಲ್ಲು ಗಾರೆಯ ಗೋಡೆ, ಅದನ್ನು ಸಮ ಮಾಡಿದ ಗಾರೆ, ಟೈಲಿನ ಒಡಲು, ಒಡಲಿನ ಮೇಲೆ ಗಾಜಿನಂಥ ಮೆರುಗು. ಮೆರುಗು ಕೂದಲೆಳೆಯಷ್ಟರಿಂದ ಒಂದು ಮಿಲಿಮೀಟರಿನವರೆಗೆ ಇರುತ್ತದೆ. ನಾವು ಬಣ್ಣ ಎಂದು ನೋಡುವುದು ಇದನ್ನೇ.

ಒಡಲು ಮಣ್ಣಿನದಲ್ಲ. ಇರಾನಿನ ಕಾಶಾನ್ ಊರಿನ ಟೈಲು ಮನೆತನದ ಅಬುಲ್ ಕಾಸಿಂ 1301ರಲ್ಲಿ ಬರೆದಿಟ್ಟ ಅಳತೆ ಇವತ್ತಿಗೂ ಲೆಕ್ಕಕ್ಕೆ ಆಧಾರ: ಬೆಣಚುಕಲ್ಲಿನ ಪುಡಿ ಹತ್ತು ಪಾಲು, ಗಾಜಿನ ಪುಡಿ ಒಂದು ಪಾಲು, ಬಿಳಿ ಜೇಡಿ ಒಂದು ಪಾಲು. ಗಾಜಿನ ಪುಡಿ ಎಂದರೆ ಬೆಣಚು ಮತ್ತು ಉಪ್ಪುಗಿಡದ ಬೂದಿಯನ್ನು ಹೆಚ್ಚುಕಡಿಮೆ ಸಮಸಮ ಬೆರೆಸಿ, ಕರಗಿಸಿ, ನೀರಿಗೆ ಸುರಿದು, ಅರೆದದ್ದು. ಬರೀ ಜೇಡಿಮಣ್ಣು ಬಿಟ್ಟು ಇಷ್ಟು ಕಷ್ಟ ಪಟ್ಟದ್ದಕ್ಕೆ ಕಾರಣವಿದೆ. ಬೂದಿಯ ಕ್ಷಾರದಿಂದಾದ ಮೆರುಗು ಬಿಸಿಗೆ ಬಹಳ ಹಿಗ್ಗುತ್ತದೆ, ತಣಿದಾಗ ಅಷ್ಟೇ ಕುಗ್ಗುತ್ತದೆ. ಜೇಡಿಯ ಒಡಲು ಅಷ್ಟು ಕುಗ್ಗುವುದಿಲ್ಲ. ಎರಡಕ್ಕೂ ಹೊಂದಿಕೆಯಾಗದೆ ಮೆರುಗು ಬಲೆಬಲೆಯಾಗಿ ಬಿರಿಯುತ್ತದೆ, ಕೊನೆಗೆ ಸಿಪ್ಪೆಯಾಗಿ ಏಳುತ್ತದೆ. ಬೆಣಚಿನ ಒಡಲು ಮೆರುಗಿನ ಜತೆಗೇ ಹಿಗ್ಗಿ ಕುಗ್ಗುತ್ತದೆ.

ಬಣ್ಣಗಳ ಗುಟ್ಟು ಲೋಹದಲ್ಲಿ. ಕಡುನೀಲಿ ಕೋಬಾಲ್ಟಿನದು, ನೂರಕ್ಕೆ ಅರ್ಧದಿಂದ ಒಂದು ಪಾಲು ಬಿದ್ದರೂ ಸಾಕು. ಫಿರೋಜಾ ಕಲ್ಲಿನಂಥ ತಿಳಿನೀಲಿ ತಾಮ್ರದ್ದು, ಎರಡರಿಂದ ನಾಲ್ಕು ಪಾಲು. ಅದೇ ತಾಮ್ರ ಸೀಸದ ಮೆರುಗಿನಲ್ಲಿ ಹಸಿರಾಗುತ್ತದೆ. ಹಾಲುಬಿಳಿ ತವರದ್ದು, ನೇರಳೆ ಮ್ಯಾಂಗನೀಸಿನದು. ಹಳದಿಗೆ ಸೀಸ ಮತ್ತು ತವರ ಕೂಡಿದ ಆಕ್ಸೈಡು. ಸೀಸ ಹೆಚ್ಚಿದ್ದ ಬಣ್ಣ ಮೆದು, ಬೇಗ ಸವೆಯುತ್ತದೆ. ಹೀಗಾಗಿ ಒಂದೇ ಗೋಡೆಯ ಮೇಲೆ ನೀಲಿ ಹೊಳೆಯುತ್ತಿದ್ದರೂ ಪಕ್ಕದ ಹಳದಿ ಮಂಕಾಗಿರುವುದು ಸಹಜ. ಎರಡನ್ನೂ ಒಂದೇ ಕೈಯಲ್ಲಿ ಉಜ್ಜಿ ತೊಳೆಯಲು ಹೋಗಬಾರದು.

ಕತ್ತರಿಸಿ ಜೋಡಿಸುವ ಪರ್ಷಿಯನ್ ಪದ್ಧತಿಯಲ್ಲಿ ಒಂದೊಂದು ಬಣ್ಣದ ಟೈಲನ್ನು ಬೇರೆಬೇರೆಯಾಗಿ ಸುಡುತ್ತಾರೆ. ಬೇರೆ ಬಣ್ಣಕ್ಕೆ ಬೇರೆ ಶಾಖ ಬೇಕಾಗುವುದರಿಂದ ಒಂದೊಂದೂ ತನ್ನ ಪೂರ್ಣ ಹೊಳಪಿಗೆ ಬರುತ್ತದೆ. ಆಮೇಲೆ ವಿನ್ಯಾಸವನ್ನು ಕಾಗದದ ಮೇಲೆ ಬರೆದು, ತುಂಡು ತುಂಡಾಗಿ ಕತ್ತರಿಸಿ, ಆಯಾ ಬಣ್ಣದ ಟೈಲಿನ ಮೇಲೆ ಅಂಟಿಸುತ್ತಾರೆ. ಚೂಪು ಸುತ್ತಿಗೆಯಿಂದ ಹಣಿದು, ಅರದಿಂದ ಉಜ್ಜಿ ಆಕಾರ ಬಿಡಿಸುತ್ತಾರೆ. ಹಣಿಯುವಾಗ ಚೂರಿನ ಬೆನ್ನನ್ನು ಒಳಕ್ಕೆ ಇಳಿಜಾರು ಮಾಡುವುದು ಇಲ್ಲಿನ ಜಾಣತನ. ಮುಂದೆ ಚೂರುಗಳು ಒಂದಕ್ಕೊಂದು ಕೂದಲು ತೂರದಂತೆ ಕೂಡುತ್ತವೆ, ಹಿಂದೆ ಗಾರೆ ಇಳಿಯಲು ಸಂದು ಉಳಿಯುತ್ತದೆ. ಎಲ್ಲ ಚೂರನ್ನೂ ನೆಲದ ಮೇಲೆ ಮುಖ ಕೆಳಗಾಗಿ ಜೋಡಿಸಿ, ಬೆನ್ನಿಗೆ ಜಿಪ್ಸಂ ಗಾರೆ ಎರೆದು, ಹಲಗೆಯಂತೆ ಗಟ್ಟಿಯಾದ ಮೇಲೆ ಎತ್ತಿ ಗೋಡೆಗೆ ಕೂರಿಸುತ್ತಾರೆ.

ಈ ಕೊನೆಯ ಹೆಜ್ಜೆಯೇ ಮಳೆನಾಡಿನಲ್ಲಿ ತೊಂದರೆ ಕೊಡುವುದು. ಜಿಪ್ಸಂ ಹತ್ತೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ, ಅದರ ಅನುಕೂಲ ಅದು. ಆದರೆ ಲೀಟರ್ ನೀರಿಗೆ ಎರಡು ಗ್ರಾಮಿಗಿಂತ ಹೆಚ್ಚು ಕರಗುತ್ತದೆ. ಪ್ರತಿ ಮಳೆಗಾಲ ಸ್ವಲ್ಪ ಸ್ವಲ್ಪ ಕರಗಿದರೆ ಟೈಲಿನ ಬೆನ್ನಿಗೆ ಆಧಾರ ಉಳಿಯುವುದಿಲ್ಲ. ಆದ್ದರಿಂದ ಬೀದರಿನ ಯಾವುದೇ ಹಾಸನ್ನು ಮುಟ್ಟುವ ಮೊದಲು ಅದರ ಹಿಂದಿನ ಗಾರೆ ಯಾವುದೆಂದು ತಿಳಿಯಬೇಕು. ಪರೀಕ್ಷೆ ಸುಲಭ. ಈಗಾಗಲೇ ಬಿದ್ದ ತುಂಡಿನ ಬೆನ್ನಿನಿಂದ ಚಿಟಿಕೆ ಗಾರೆ ಕೆರೆದು, ನೀರು ಬೆರೆಸಿ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಬಿಟ್ಟರೆ ಸುಣ್ಣ ನೊರೆಯೇಳುತ್ತದೆ. ಅದೇ ದ್ರಾವಣಕ್ಕೆ ಬೇರಿಯಂ ಕ್ಲೋರೈಡ್ ಹನಿಸಿದಾಗ ಬಿಳಿ ಗಷ್ಟು ಕೂತರೆ ಜಿಪ್ಸಂ ಇದೆ ಎಂದರ್ಥ. ಎರಡೂ ಬಂದರೆ ಎರಡೂ ಇವೆ. ಇದನ್ನು ಒಂದು ಕಡೆ ಮಾಡಿ ಇಡೀ ಗೋಡೆಗೆ ಅನ್ವಯಿಸಬಾರದು, ಹಳೆಯ ದುರಸ್ತಿಗಳು ಎಲ್ಲೆಲ್ಲಿ ಏನು ಸೇರಿಸಿವೆಯೋ ಹೇಳಲಾಗದು.

ಸ್ಫೋಟವೋ ಮಳೆಯೋ

ಕೋವಿಮದ್ದು ಸಿಡಿದಾಗ ಹತ್ತಿರದ ಗೋಡೆ ಬೀಳುತ್ತದೆ. ದೂರದ ಗೋಡೆ ನಿಲ್ಲುತ್ತದೆ, ಆದರೆ ಆಘಾತದ ಅಲೆ ಅದರೊಳಗೆ ಹಾದು ಹೊರಮುಖಕ್ಕೆ ಬಂದು ತಿರುಗುವಾಗ ಅಲ್ಲಿ ಎಳೆತ ಹುಟ್ಟುತ್ತದೆ. ಆ ಎಳೆತಕ್ಕೆ ಮೊದಲು ಬಿಡುವುದು ಅತ್ಯಂತ ದುರ್ಬಲ ಅಂಟು, ಅಂದರೆ ಟೈಲು ಮತ್ತು ಗಾರೆಯ ನಡುವಿನದು. ಕೆಲವು ಟೈಲು ಅಂದೇ ಬಿದ್ದಿರುತ್ತವೆ, ಕೆಲವು ಬೆನ್ನು ಬಿಟ್ಟು ಪಕ್ಕದ ಚೂರುಗಳ ಒತ್ತಿನ ಮೇಲೆ ನಿಂತಿರುತ್ತವೆ.

ಮಿನಾರು ದುಂಡಗಿರುವುದರಿಂದ ಇಲ್ಲಿ ಒಂದು ಒಳ್ಳೆಯ ಸಾಕ್ಷಿ. ಅದರ ಸುತ್ತಳತೆಯನ್ನು ಎಂಟು ದಿಕ್ಕಿಗೆ ಹಂಚಿ, ಪ್ರತಿ ದಿಕ್ಕಿನಲ್ಲಿ ಎಷ್ಟು ಭಾಗ ಟೈಲು ಉಳಿದಿದೆ ಎಂದು ಫೋಟೋದಿಂದ ಅಳೆಯಬೇಕು. ಸ್ಫೋಟದ ಹಾನಿ ಹೆಚ್ಚಾಗಿ ಕಟ್ಟಡದ ದಕ್ಷಿಣ ಅರ್ಧದ್ದು. ಅದರ ಪೆಟ್ಟಾದರೆ ನಷ್ಟ ದಕ್ಷಿಣದ ಕಡೆ ಹೆಚ್ಚಿರಬೇಕು. ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಹೊಡೆಮಳೆಯ ಪೆಟ್ಟಾದರೆ ಆ ಕಡೆ ಹೆಚ್ಚಿರಬೇಕು. ಎತ್ತರದ ಪ್ರಕಾರವೂ ನೋಡಬೇಕು. ಮಿನಾರಿನ ಮೊಗಸಾಲೆಗಳ ಕೆಳಗೆ ಟೈಲು ಉಳಿದು, ಅವುಗಳಿಂದ ನೀರು ಸುರಿಯುವ ಗೆರೆಗಳಲ್ಲಿ ಮಾತ್ರ ಹೋಗಿದ್ದರೆ ವಾದಕ್ಕೆ ಜಾಗವೇ ಇಲ್ಲ.

ಮುಂಗೋಡೆ ಪೂರ್ವಾಭಿಮುಖ. ಮುಂಗಾರಿನ ಹೊಡೆತ ಅದಕ್ಕೆ ನೇರವಾಗಿ ತಾಗುವುದಿಲ್ಲ. ಹಾಗಿದ್ದೂ ಅಲ್ಲಿ ಟೈಲು ಬೆನ್ನು ಬಿಡುತ್ತದೆ ಎಂದರೆ ನೀರು ಮುಂದಿನಿಂದಲ್ಲ, ಮೇಲಿನಿಂದ ಬರುತ್ತಿದೆ. ಮಾಳಿಗೆಯ ಮೇಲೆ ನಿಂತ ನೀರು ಕೈಪಿಡಿ ಗೋಡೆಯ ನೆತ್ತಿಯ ಬಿರುಕಿನಲ್ಲಿ ಇಳಿಯುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ತೂತು ತೂತಾದ ಕಲ್ಲು, ಹೀರಿದ ನೀರನ್ನು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಅಕ್ಟೋಬರಿನಲ್ಲಿ ಗಾಳಿ ಒಣಗಿದಾಗ ಆ ನೀರು ಹೊರಮುಖದಿಂದ ಆವಿಯಾಗಲು ಹೊರಡುತ್ತದೆ, ಜತೆಗೆ ಕಲ್ಲು, ಗಾರೆಗಳಲ್ಲಿ ಕರಗಿದ ಉಪ್ಪನ್ನೂ ತರುತ್ತದೆ. ಬರೀ ಗಾರೆಯ ಗೋಡೆಯಾದರೆ ಉಪ್ಪು ಮೇಲೆ ಬಂದು ಬೆಳ್ಳಗೆ ಹೂ ಬಿಡುತ್ತದೆ, ಗುಡಿಸಿದರೆ ಹೋಗುತ್ತದೆ. ಟೈಲಿರುವಲ್ಲಿ ಮೆರುಗು ದಾರಿ ಕಟ್ಟುತ್ತದೆ. ಆವಿ ಸಂದುಗಳಿಂದ ಮಾತ್ರ ಹೊರಡುವುದರಿಂದ ಉಪ್ಪು ಸಂದಿನ ಅಂಚಿನಲ್ಲಿ, ಮೆರುಗಿನ ಹಿಂದೆಯೇ ಹರಳುಗಟ್ಟುತ್ತದೆ. ಹರಳು ಬೆಳೆಯುತ್ತ ಮೆರುಗನ್ನು ಎತ್ತುತ್ತದೆ. ಟೈಲಿನ ನಡು ಹೊಳೆಯುತ್ತ, ಅಂಚಿನ ಸುತ್ತ ಬಿಳಿ ಒಡಲು ಕಾಣುತ್ತಿದ್ದರೆ ಅದು ಉಪ್ಪಿನ ಕೆಲಸ ಎಂದು ದೂರದಿಂದಲೇ ಹೇಳಬಹುದು.

ಸಿಮೆಂಟು ಇದಕ್ಕೆ ಇನ್ನೊಂದು ಹೊರೆ. ಸಂದಿಗೆ ಬಿಳಿ ಸಿಮೆಂಟು ತುಂಬಿದರೆ ಆವಿಗಿದ್ದ ಒಂದೇ ದಾರಿಯೂ ಮುಚ್ಚುತ್ತದೆ, ಸಿಮೆಂಟು ತನ್ನ ಕ್ಷಾರವನ್ನೂ ಸೇರಿಸುತ್ತದೆ. ಹಿಂದೆ ಜಿಪ್ಸಂ ಇದ್ದರೆ ಇನ್ನೂ ಕೆಟ್ಟದ್ದು: ಸಿಮೆಂಟಿನ ಅಲ್ಯುಮಿನೇಟು ಮತ್ತು ಜಿಪ್ಸಂನ ಸಲ್ಫೇಟು ನೀರಿನ ಜತೆ ಕೂಡಿ ಎಟ್ರಿಂಗೈಟ್ ಎಂಬ ಉಬ್ಬುವ ಹರಳಾಗುತ್ತದೆ. ಅದು ಟೈಲನ್ನು ಗೋಡೆಯಿಂದ ಆಚೆ ನೂಕುತ್ತದೆ. ಐನೂರು ವರ್ಷ ಕೂತ ಟೈಲು ಒಂದು ದುರಸ್ತಿಯಾದ ಹತ್ತಿಪ್ಪತ್ತು ವರ್ಷಕ್ಕೆ ಬಿದ್ದರೆ ಮೊದಲು ಇದನ್ನೇ ಅನುಮಾನಿಸಬೇಕು.

ಕೆಲಸ ಶುರುವಾಗುವುದು ಮಾಳಿಗೆಯಿಂದ

ಮದರಸಾ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಅನುಮತಿ ಇಲ್ಲದೆ ಯಾರೂ ಒಂದು ಚೂರನ್ನೂ ಮುಟ್ಟುವಂತಿಲ್ಲ, ಮುಟ್ಟಲೂಬಾರದು. ಅನುಮತಿ ಸಿಕ್ಕ ತಂಡ ಮೊದಲು ಸಾರುವೆ ಕಟ್ಟುವುದು ಟೈಲಿನ ಎದುರಿಗೆ. ನಮ್ಮ ಮಟ್ಟಿಗೆ ಅದು ತಲೆಕೆಳಗಾದ ಕ್ರಮ. ಮೊದಲು ಮೇಲೆ ಹತ್ತಬೇಕು. ಮಾಳಿಗೆಯ ಇಳಿಜಾರು ಕನಿಷ್ಠ ಅರವತ್ತಕ್ಕೆ ಒಂದು ಇದೆಯೇ, ನೀರಿನ ಕಂಡಿಗಳು ತೆರೆದಿವೆಯೇ, ಅವುಗಳ ತುದಿ ಗೋಡೆಯಿಂದ ಸಾಕಷ್ಟು ಆಚೆ ಚಾಚಿದೆಯೇ, ಕೈಪಿಡಿ ಗೋಡೆಯ ನೆತ್ತಿ ಒಳಮುಖವಾಗಿ ಬಾಗಿದೆಯೇ ಎಂದು ನೋಡಬೇಕು. ನೆತ್ತಿಯ ಮೇಲಿನ ಗಾರೆ ಹೊರಮುಖಕ್ಕೆ ಬಾಗಿದ್ದರೆ ಬಿದ್ದ ಮಳೆಯೆಲ್ಲ ಅಕ್ಷರಪಟ್ಟಿಯ ಮೇಲೆ ಇಳಿಯುತ್ತದೆ. ಅರಳಿ, ಆಲದ ಸಸಿಗಳನ್ನು ಕಿತ್ತರೆ ಬೇರು ತುಂಡಾಗಿ ಮತ್ತೆ ಚಿಗುರುತ್ತದೆ, ಎಳೆದ ರಭಸಕ್ಕೆ ಟೈಲೂ ಬರುತ್ತದೆ. ಕಾಂಡ ಕತ್ತರಿಸಿ, ತುದಿಗೆ ಮದ್ದು ಹಚ್ಚಿ, ಬೇರು ಸತ್ತ ಮೇಲೆ ಸಂದು ತುಂಬಬೇಕು.

ಮಾಳಿಗೆ ಸರಿಯಾಗಿ ಒಂದು ಮಳೆಗಾಲ ಕಳೆಯಲಿ. ಆ ಹೊತ್ತಿಗೆ ದಾಖಲೆ ಮುಗಿಸಬಹುದು. ಗೋಡೆಯನ್ನು 50 ಸೆಂಟಿಮೀಟರ್ ಚೌಕಗಳಾಗಿ ಹಂಚಿ ಪ್ರತಿ ಚೌಕಕ್ಕೂ ಅಂಕೆ ಕೊಡಬೇಕು. ಒಂದು ಫೋಟೋ ನೇರ ಬೆಳಕಿನಲ್ಲಿ, ಒಂದು ಪಕ್ಕದಿಂದ ಬಿದ್ದ ಓರೆ ಬೆಳಕಿನಲ್ಲಿ. ಉಬ್ಬಿದ ಟೈಲು ಓರೆ ಬೆಳಕಿನಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ನಂತರ ಬೆರಳ ಗೆಣ್ಣಿನಿಂದ ಪ್ರತಿ ಟೈಲನ್ನೂ ಮೆಲ್ಲಗೆ ತಟ್ಟಿ ಕೇಳಬೇಕು. ಗಟ್ಟಿ ಟೈಲು ಕಲ್ಲಿನ ಸದ್ದು ಕೊಡುತ್ತದೆ, ಬೆನ್ನು ಬಿಟ್ಟದ್ದು ಡೊಳ್ಳಾಗಿ ನುಡಿಯುತ್ತದೆ. ಡೊಳ್ಳು ಸದ್ದಿನ ಗಡಿಯನ್ನು ಪಾರದರ್ಶಕ ಹಾಳೆಯ ಮೇಲೆ ಅಳತೆಗೆ ಅಳತೆ ಬರೆದುಕೊಳ್ಳಬೇಕು. ಈ ನಕ್ಷೆಯಿಲ್ಲದೆ ಟೈಲಿನ ಹಿಂದಿನ ಟೊಳ್ಳಿಗೆ ಸಿರಿಂಜಿನಿಂದ ಗಾರೆ ಚುಚ್ಚಲು ಹೊರಡುವುದು ಕುರುಡು ಕೆಲಸ.

ಚುಚ್ಚುವುದು, ಅಂಚು ಕಟ್ಟುವುದು

ಹಂಗಾಮು ನವೆಂಬರಿನಿಂದ ಫೆಬ್ರವರಿ. ಮಾರ್ಚ್ ದಾಟಿದರೆ ಬಿಸಿಲಿಗೆ ಸುಣ್ಣ ಗಟ್ಟಿಯಾಗುವ ಮೊದಲೇ ಒಣಗಿ ಪುಡಿಯಾಗುತ್ತದೆ.

ಬೀಳುವಂತಿರುವ ಚೂರುಗಳ ಮುಖಕ್ಕೆ ಮೊದಲು ತೆಳು ಜಪಾನಿ ಕಾಗದವನ್ನು ಅಸಿಟೋನಿನಲ್ಲಿ ಕರಗಿಸಿದ ಅಕ್ರಿಲಿಕ್ ರಾಳದಿಂದ ಅಂಟಿಸಿ ಹಿಡಿಸುತ್ತಾರೆ. ಇಲ್ಲಿ ಬೀದರಿನ ಬಿಸಿಲನ್ನು ಮರೆಯಬಾರದು. ಎಲ್ಲೆಡೆ ಬಳಕೆಯಲ್ಲಿರುವ ಪ್ಯಾರಲಾಯ್ಡ್ ಬಿ-72 ಸುಮಾರು 40 ಡಿಗ್ರಿಗೇ ಮೆದುವಾಗುತ್ತದೆ. ಬೇಸಿಗೆಯಲ್ಲಿ ಗಾಳಿಯೇ ಅಷ್ಟು ಕಾದಿರುವಾಗ ಪೂರ್ವದ ಬಿಸಿಲಿಗೆ ಕಡುನೀಲಿ ಟೈಲು ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಮೆದುವಾದ ರಾಳ ಜಾರುತ್ತದೆ, ದೂಳು ಹಿಡಿದು ಕಪ್ಪಾಗುತ್ತದೆ. ಕೆಲಸದ ಕೆಲವು ವಾರಗಳಿಗೆ ಇದು ಸಾಕು. ಬೇಸಿಗೆಗೆ ಮೊದಲು ತೆಗೆಯಲೇಬೇಕು. ಒಡಲಿಗೆ ಮೆರುಗು ಅಂಟಿಸುವಂಥ ಶಾಶ್ವತ ಕೆಲಸಕ್ಕೆ 60 ಡಿಗ್ರಿವರೆಗೆ ತಡೆಯುವ ಬಿ-44 ಮೇಲು.

ಉಪ್ಪು ಕಂಡ ಕಡೆ ಕಾಗದದ ತಿರುಳು ಮತ್ತು ಬಿಳಿ ಜೇಡಿಯನ್ನು ಉಪ್ಪಿಲ್ಲದ ನೀರಿನಲ್ಲಿ ಕಲಸಿ, ಒಂದೆರಡು ಸೆಂಟಿಮೀಟರ್ ದಪ್ಪ ಮೆತ್ತಿ, ಪೂರ್ತಿ ಒಣಗಿದ ಮೇಲೆ ತೆಗೆಯಬೇಕು. ಒಣಗುವಾಗಲೇ ಅದು ಉಪ್ಪನ್ನು ಎಳೆದುಕೊಳ್ಳುವುದು. ತೆಗೆದ ಮೆತ್ತನ್ನು ನೀರಿನಲ್ಲಿ ಕದಡಿ ವಿದ್ಯುತ್ ವಾಹಕತೆ ಅಳೆದು, ಅಂಕೆ ಇಳಿಯುವುದು ನಿಂತಾಗ ನಿಲ್ಲಿಸಬೇಕು. ಹಿಂದಿನ ಗಾರೆ ಜಿಪ್ಸಂ ಆಗಿದ್ದರೆ ಈ ಚಿಕಿತ್ಸೆ ಬೇಡ, ಮೆತ್ತು ಆಧಾರವನ್ನೇ ಕರಗಿಸಿ ಎಳೆಯುತ್ತದೆ. ಹಳೆಯ ಸುಣ್ಣದ ಕಲೆ ತೆಗೆಯಲು ಆಮ್ಲ ಹಚ್ಚುವುದಂತೂ ಮೆರುಗಿಗೆ ಶಾಶ್ವತ ಗಾಯ. ಬಿದಿರಿನ ಕಡ್ಡಿ, ಸ್ಕಾಲ್ಪೆಲ್, ತಾಳ್ಮೆ ಇಷ್ಟೇ ಸಾಧನ.

ಚುಚ್ಚುವ ಗಾರೆಗೆ ಚೆನ್ನಾಗಿ ಕೊಳೆತ ಸುಣ್ಣದ ಮುದ್ದೆ ಒಂದು ಪಾಲು, ಜರಡಿ ಹಿಡಿದ ನಯವಾದ ಸುರ್ಕಿ (ಇಟ್ಟಿಗೆ ಪುಡಿ) ಒಂದು ಪಾಲು, ಕೆನೆಯಷ್ಟು ತೆಳುವಾಗುವಷ್ಟು ನೀರು. ಸುರ್ಕಿಗೆ ಹಳೆಯ ಉಪ್ಪು ಹಿಡಿದ ಇಟ್ಟಿಗೆ ಬಳಸಬಾರದು. ಚುಚ್ಚುವ ದಾರಿ ಸಂದಿನಲ್ಲೇ ಇರಬೇಕು, ಟೈಲಿನಲ್ಲಿ ತೂತು ಕೊರೆಯುವ ಮಾತೇ ಇಲ್ಲ. ಎರಡು ಮೂರು ಮಿಲಿಮೀಟರಿನ ಕಂಡಿಗಳು, ಹತ್ತು ಹದಿನೈದು ಸೆಂಟಿಮೀಟರಿಗೊಂದು. ಮೊದಲು ನೀರು ಮತ್ತು ಆಲ್ಕೋಹಾಲ್ ಸಮಸಮ ಬೆರೆಸಿ ಒಳಗೆ ಬಿಟ್ಟು ದೂಳು ತೊಳೆಯಬೇಕು, ಇಲ್ಲದಿದ್ದರೆ ಗಾರೆ ದೂಳಿಗೆ ಅಂಟುತ್ತದೆಯೇ ಹೊರತು ಟೈಲಿಗಲ್ಲ. ಆಮೇಲೆ ಕೆಳಗಿನ ಕಂಡಿಯಿಂದ ಮೇಲಕ್ಕೆ ಸಿರಿಂಜಿನಲ್ಲಿ ತುಂಬುತ್ತ ಹೋಗಬೇಕು. ಮೇಲಿನಿಂದ ತುಂಬಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಒಂದು ಜಾಗಕ್ಕೆ ಒಂದು ದಿನ ನೂರು ಮಿಲಿಲೀಟರಿಗಿಂತ ಹೆಚ್ಚು ಬೇಡ: ಹಸಿ ಗಾರೆಯ ಭಾರವೇ ಟೈಲನ್ನು ಹೊರಕ್ಕೆ ದೂಡುತ್ತದೆ. ಎದುರಿಗೆ ಫೋಮ್ ಅಂಟಿಸಿದ ಹಲಗೆಯನ್ನು ಸಾರುವೆಯಿಂದ ಮೆಲ್ಲಗೆ ಒತ್ತು ಕೊಟ್ಟು ಎರಡು ದಿನವಾದರೂ ಬಿಡಬೇಕು.

ಉಳಿದ ಹಾಸಿನ ಸುತ್ತಲಿನ ಅಂಚಿಗೆ ಸುಣ್ಣ, ಸುರ್ಕಿ, ಮರಳು ಒಂದು, ಒಂದು, ಎರಡರಂತೆ ಕಲಸಿ ಇಳಿಜಾರು ಕಟ್ಟಬೇಕು. ಒಂದು ಸಲಕ್ಕೆ ಒಂದು ಸೆಂಟಿಮೀಟರ್ ದಪ್ಪ ಮೀರಬಾರದು. ಗಾರೆ ಮೆರುಗಿನ ಮಟ್ಟಕ್ಕಿಂತ ಎರಡು ಮೂರು ಮಿಲಿಮೀಟರ್ ತಗ್ಗಿರಲಿ. ಮೆರುಗಿನ ಮೇಲೆ ಹತ್ತಿದ ಗಾರೆ ಒಡೆಯುವಾಗ ಮೆರುಗನ್ನೂ ಕಿತ್ತುಕೊಂಡು ಹೋಗುತ್ತದೆ. ಹತ್ತು ದಿನ ಒದ್ದೆ ಗೋಣಿತಟ್ಟಿನ ನೆರಳು ಬೇಕು. ನಮ್ಮ ದೃಷ್ಟಿಯಲ್ಲಿ ಇಡೀ ಕಾರ್ಯದಲ್ಲಿ ಅತಿ ಹೆಚ್ಚು ಟೈಲು ಉಳಿಸುವುದು ಅಗ್ಗದ ಈ ಅಂಚುಗಾರೆಯೇ.

ಖಾಲಿ ಜಾಗಕ್ಕೆ ಹೊಸ ಟೈಲೇ?

ದಿಲ್ಲಿಯ ಹುಮಾಯೂನ್ ಗೋರಿಯ ಛತ್ರಿಗಳಿಗೆ ಆಗಾ ಖಾನ್ ಟ್ರಸ್ಟ್ ಹೊಸ ಟೈಲು ಹಾಕಿಸಿತು, ಅದಕ್ಕಾಗಿ ನಿಜಾಮುದ್ದೀನಿನ ಹುಡುಗರಿಗೆ ತರಬೇತಿ ಕೊಡಿಸಿತು. ಅಲ್ಲಿನದು ಸರಳ ಏಕವರ್ಣದ ಹಾಸು, ಕಳೆದದ್ದು ಏನೆಂದು ಉಳಿದದ್ದರಿಂದ ಖಚಿತವಾಗಿ ತಿಳಿಯುತ್ತಿತ್ತು. ಮಿನಾರಿನ ಅಂಕುಡೊಂಕು ಪಟ್ಟೆಗೂ ಈ ವಾದ ಸ್ವಲ್ಪ ಮಟ್ಟಿಗೆ ಸಲ್ಲುತ್ತದೆ. ಅಕ್ಷರಪಟ್ಟಿಗೆ ಸಲ್ಲುವುದಿಲ್ಲ. ಅದು ಒಬ್ಬ ಲಿಪಿಕಾರನ ಕೈಬರಹ. ವಾಕ್ಯ ಕುರ್‌ಆನಿನದಾದ್ದರಿಂದ ಯಾವ ಅಕ್ಷರ ಹೋಗಿದೆ ಎಂದು ಹೇಳಬಹುದು, ಅವನು ಅದನ್ನು ಆ ಜಾಗಕ್ಕೆ ಹೇಗೆ ಬಾಗಿಸಿದ್ದ ಎಂದು ಹೇಳಲಾಗದು. ಅಲ್ಲಿ ಖಾಲಿಯನ್ನು ಖಾಲಿಯಾಗಿಯೇ, ತಗ್ಗಿನ ಸಾದಾ ಗಾರೆಯಲ್ಲಿ ಬಿಡಬೇಕು.

ಪಟ್ಟೆಗಳಿಗೆ ಹೊಸ ಟೈಲು ತಯಾರಿಸುವುದಾದರೆ ಅಬುಲ್ ಕಾಸಿಮನ ಹತ್ತಕ್ಕೆ ಒಂದು, ಒಂದರ ಅಳತೆಯಲ್ಲೇ ಶುರು ಮಾಡಬೇಕು. ಈ ಹಿಟ್ಟು ಜೇಡಿಯಂತೆ ಬಾಗುವುದಿಲ್ಲ, ಅಚ್ಚಿನಿಂದ ತೆಗೆಯುವಾಗ ಮೂಲೆ ಉದುರುತ್ತದೆ. ಸ್ವಲ್ಪ ಅಂಟು ಬೆರೆಸಿ, ನೆರಳಿನಲ್ಲಿ ನಿಧಾನ ಒಣಗಿಸಬೇಕು. ಒಂಬೈನೂರರಿಂದ ಸಾವಿರ ಡಿಗ್ರಿಯ ಒಲೆಯಲ್ಲಿ ಸುಟ್ಟು, ಒಂದು ವರ್ಷ ಬೀದರಿನ ಬಿಸಿಲು ಮಳೆಗೆ ಬಯಲಿನಲ್ಲಿಟ್ಟು ನೋಡಬೇಕು. ಬಿರಿಯದೆ ಉಳಿದ ಕಂತಿಗೆ ಮಾತ್ರ ಗೋಡೆಯ ಮೇಲೆ ಹಕ್ಕು. ಬೆನ್ನಿಗೆ ತಯಾರಾದ ವರ್ಷ ಕೊರೆದಿರಬೇಕು. ಮಾರುಕಟ್ಟೆಯ ಬಚ್ಚಲಮನೆ ಟೈಲು ಕತ್ತರಿಸಿ ಕೂರಿಸುವುದು ಬೇಡವೇ ಬೇಡ. ಅದರ ಒಡಲು ನೀರನ್ನು ಬಿಡುವುದಿಲ್ಲ, ಪಕ್ಕದ ಹಳೆಯ ಟೈಲಿಗೆ ಉಪ್ಪು ದುಪ್ಪಟ್ಟು ಹೋಗುತ್ತದೆ.

ಕೆಲಸ ಮುಗಿದ ಮೇಲೂ ಪ್ರತಿ ಅಕ್ಟೋಬರಿನಲ್ಲಿ ಡೊಳ್ಳು ಸದ್ದಿನ ನಕ್ಷೆಯನ್ನು ಹೊಸದಾಗಿ ಬರೆದು ಹಳೆಯದರ ಮೇಲಿಟ್ಟು ನೋಡಬೇಕು. ಗಡಿ ಬೆಳೆದಿದ್ದರೆ ತಪಾಸಣೆ ಮತ್ತೆ ಮಾಳಿಗೆಯಿಂದ. ಮಳೆಗಾಲದಲ್ಲಿ ಬುಡದಲ್ಲಿ ಸಿಕ್ಕ ಪ್ರತಿ ಚೂರನ್ನೂ, ಉಗುರಿನಷ್ಟಿದ್ದರೂ, ತೊಳೆಯದೆ ಕಾಗದದ ಲಕೋಟೆಗೆ ಹಾಕಿ, ಸಿಕ್ಕ ದಿನಾಂಕ ಮತ್ತು ಅದರ ನೇರ ಮೇಲಿನ ಚೌಕದ ಅಂಕೆ ಬರೆಯಬೇಕು. ತೊಳೆದರೆ ಬೆನ್ನಿನ ಗಾರೆ ಹೋಗುತ್ತದೆ, ಆ ಚೂರು ಏಕೆ ಬಿತ್ತೆಂದು ತಿಳಿಸುವುದು ಆ ಗಾರೆಯೇ. ಕಾವಲಿನವರು ಒಳ್ಳೆಯ ಮನಸ್ಸಿನಿಂದಲೇ ಅಂಗಡಿಯ ಗೋಂದಿನಲ್ಲಿ ಅಂಟಿಸಿಬಿಡುವುದುಂಟು; ಲಕೋಟೆಗಳ ಕಟ್ಟು, ಒಂದು ಪೆನ್ಸಿಲು ಅವರ ಮೇಜಿನ ಮೇಲೆ ಇಟ್ಟಿದ್ದರೆ ಅದು ತಪ್ಪುತ್ತದೆ.